ಕೂಸಿನ ಮೈಯಲ್ಲಿ ಉಳಿದ ತಾಯಿ

ಮೊದಲು ಬರೀ ಗರಗರ, ಹಳೇ ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ಬರುವಂಥದ್ದು. ಆಮೇಲೆ ಅದರೊಳಗಿಂದಲೇ ದಡ್ ದಡ್ ದಡ್ ಎಂದು, ದೂರದ ಹೊಲದಲ್ಲಿ ಯಾರೋ ಡೀಸೆಲ್ ಎಂಜಿನ್ ಶುರು ಮಾಡಿದಂತೆ, ಬಹಳ ಅವಸರದ ಒಂದು ಸದ್ದು. ಯಾದಗಿರಿಯ ಸ್ಕ್ಯಾನಿಂಗ್ ಸೆಂಟರಿನ ಮಬ್ಬು ಕೋಣೆಯಲ್ಲಿ ನನ್ನ ತಂಗಿಯ ಮಗಳು ಮಂಚದ ಮೇಲೆ ಮಲಗಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆ ಸದ್ದು ಕೇಳಿದ ಕೂಡಲೇ ಹಿಡಿತ ಸಡಿಲವಾಯಿತು.

"ದೊಡ್ಡವ್ವ, ಇದು ನಂದಾ, ಅದರದಾ?"

"ಅದರದ. ನಿಂದು ಇಷ್ಟು ಜೋರು ಓಡಂಗಿಲ್ಲ," ಎಂದೆ.

ಹಿಂದೆ ಎರಡು ಸಲ ಇದೇ ಕೋಣೆಯಲ್ಲಿ ಅವಳಿಗೆ ಬರೀ ಗರಗರ ಕೇಳಿಸಿತ್ತು. ಅದಕ್ಕೇ ಈ ಸಲ ಡಾಕ್ಟರು ಮೊದಲ ತಿಂಗಳಿನಿಂದಲೇ ಪ್ರೊಜೆಸ್ಟೆರೋನ್ ಗುಳಿಗೆ ಶುರು ಮಾಡಿದ್ದರು. ಮಗುವನ್ನು ಹಿಡಿದಿಡುವ ಹಾರ್ಮೋನ್ ಅದು. ಅವಳು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಪ್ರಸಾದದ ಹಾಗೆ ನುಂಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಾನೂ ಹಾಗೇ ಕಣ್ಣು ಮುಚ್ಚಿ ಪ್ರೇಯರ್ ಹೇಳಿದವಳು. ಯಾರಿಗೆ ಹೇಳುತ್ತಿದ್ದೆ ಎಂದು ಇಂದಿಗೂ ಗೊತ್ತಿಲ್ಲ.

ತಂಗಿ ಈ ಹುಡುಗಿ ಹೈಸ್ಕೂಲಿನಲ್ಲಿದ್ದಾಗಲೇ ಹೋಗಿಬಿಟ್ಟಳು. ನನಗೆ ಮದುವೆ ಆಗಲಿಲ್ಲ. ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ, ಅಷ್ಟೇ. ಶಹಾಪುರದ ನನ್ನ ಮನೆಯೇ ಅವಳಿಗೆ ತವರಾಯಿತು. ಮನೆ ಇಲ್ಲಿ, ಕೆಲಸ ಸುರಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಅರ್ಧ ಆಯುಷ್ಯ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕಳೆಯಿತು.

ನಾನು ಓದಿದ್ದು ಗುಲ್ಬರ್ಗದ ಕಾನ್ವೆಂಟ್ ಹಾಸ್ಟೆಲಿನಲ್ಲಿ. ಬಯಾಲಜಿ ಕಲಿಸುತ್ತಿದ್ದ ಸಿಸ್ಟರ್ ರಿಪ್ರೊಡಕ್ಷನ್ ಚಾಪ್ಟರ್ ಬಂದಾಗ ಪುಸ್ತಕ ಮುಚ್ಚಿ, "ಗರ್ಲ್ಸ್, ಇದನ್ನ ನೀವೇ ಓದಿಕೊಳ್ಳಿ," ಎಂದು ಕಿಟಕಿಯ ಕಡೆ ತಿರುಗಿಬಿಟ್ಟಿದ್ದರು. ನಾವು ಓದಿಕೊಂಡೆವು. ಮುಂದೆ ನಾನು ಟೀಚರ್ ಆದಾಗ ಆ ಒಂದು ಚಾಪ್ಟರನ್ನು ಮಾತ್ರ ನಿಧಾನವಾಗಿ, ಬಾಗಿಲು ಹಾಕಿಕೊಂಡು, ಹುಡುಗಿಯರ ನಗು ಮುಗಿಯುವ ತನಕ ಕಾದು ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ಕೆಂಪು ಚಾಕಿನಲ್ಲಿ ತಾಯಿ, ನೀಲಿ ಚಾಕಿನಲ್ಲಿ ಮಗು, ನಡುವೆ ಬಿಳೀ ಗೆರೆಯ ಪ್ಲಾಸೆಂಟಾ. ಎರಡು ರಕ್ತಗಳು ಒಂದಾಗುವುದಿಲ್ಲ, ಮಕ್ಕಳೇ, ಆದರೆ ಗೆರೆಯನ್ನು ಬೇಕಾದಷ್ಟು ದಾಟುತ್ತದೆ. ಉಸಿರು ದಾಟುತ್ತದೆ, ಅನ್ನ ದಾಟುತ್ತದೆ. ಮಗುವಿನ ಸ್ವಂತ ಥೈರಾಯ್ಡ್ ಕೆಲಸ ಹಿಡಿಯುವ ತನಕ ತಾಯಿಯದೇ ಹಾರ್ಮೋನ್ ಹೋಗಿ ಅದರ ಮಿದುಳನ್ನು ಬೆಳೆಸುತ್ತದೆ. ಪ್ಲಾಸೆಂಟಾ ಕೂಡ ಸುಮ್ಮನೆ ಬಾಗಿಲು ಕಾಯುವುದಲ್ಲ. ಅದೇ ಹಾರ್ಮೋನುಗಳನ್ನು ತಯಾರಿಸಿ ಆ ಕಡೆಗೂ ಈ ಕಡೆಗೂ ಹಂಚುತ್ತದೆ. ಹೀಗೆ ಹೇಳುವಾಗ ನನ್ನ ದನಿ ಸಣ್ಣಗಾಗುತ್ತಿತ್ತಂತೆ. ಹಳೇ ವಿದ್ಯಾರ್ಥಿನಿಯರು ಸಿಕ್ಕಾಗ ಈಗಲೂ ಹೇಳುತ್ತಾರೆ. ಫ್ರಾಂಕ್ಲಿ, ಆ ಬಿಳೀ ಗೆರೆಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಚಾಕಿನಲ್ಲಿ ಬರೆದಷ್ಟೇ.

ಸ್ಕ್ಯಾನಿಂಗ್ ಮುಗಿಸಿ ಬಸ್ಸಿನಲ್ಲಿ ಬರುವಾಗ ಅವಳು ಮೆಲ್ಲಗೆ ಕೇಳಿದಳು, "ನಾ ಇಷ್ಟು ಅಂಜಾಕತ್ತೀನಲ್ಲ ದೊಡ್ಡವ್ವ, ಈ ಅಂಜಿಕಿನೂ ಅದಕ್ಕ ಹೋಗ್ತದೇನು?"

"ಪೂರಾ ಹೋಗಂಗಿಲ್ಲ. ಅಂಜಿಕಿ ಹಾರ್ಮೋನ್ ಬಂತಂದ್ರ ಪ್ಲಾಸೆಂಟಾ ಬಹಳಷ್ಟು ಅಲ್ಲೇ ಮುರದು ಹಾಕ್ತದ. ಸ್ವಲ್ಪ ಒಳಗ ಬಿಡ್ತದ, ಅಷ್ಟು ಕೂಸಿಗೂ ಬೇಕಾಗ್ತದ."

"ಹಂಗಾದ್ರ ನನಗಿಂತ ಅದಕ್ಕ ಬುದ್ಧಿ ಜಾಸ್ತಿ ಅದ," ಎಂದು ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ನಮ್ಮೂರು ಬರುವ ತನಕ ನಾನು ಹೆಗಲು ಅಲ್ಲಾಡಿಸಲಿಲ್ಲ.

ಸೀಮಂತದ ಕುಬಸ ಮಾಡಿದೆವು, ಹಸಿರು ಸೀರೆ, ಹಸಿರು ಬಳೆ. ದಿನ ತುಂಬಿ, ಶಹಾಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಮನೆಗೆ ಬಂದ ಮರುದಿನವೇ ಕೆಂಭಾವಿಯಿಂದ ಅವಳ ಅತ್ತೆ, ಎಂದರೆ ನನ್ನ ಬೀಗತಿ, ಬಂದಿಳಿದರು. ಕೈಯಲ್ಲಿ ಅಂಟಿನ ಉಂಡಿಯ ಡಬ್ಬಿ, ಬಗಲಲ್ಲಿ ಒಣಕೊಬ್ಬರಿಯ ಚೀಲ. ಬಾಣಂತಿಗೆ ಹಡೆದ ತಾಯಿ ಇಲ್ಲ, ಇರುವ ದೊಡ್ಡವ್ವ ಹಡೆದವಳಲ್ಲ, ಹಾಗಾಗಿ ಮಗುವಿಗೆ ನೀರು ಹಾಕಲು ತಾವೇ ಬರಬೇಕಾಯಿತು ಎಂದು ಹೊಸ್ತಿಲ ಮೇಲೆ ನಿಂತೇ ಹೇಳಿದರು. ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು.

ಮೊದಲ ಚಹಾ ಕುಡಿದು ಲೋಟ ಕೆಳಗಿಟ್ಟರು. "ಅಕ್ಕೋರ, ಸಾಲ್ಯಾಗ ಮಾರ್ಕ್ಸ್ ಕೊಟ್ಟಂಗ ಸಕ್ಕರಿ ಹಾಕ್ತೀರೇನ್ರಿ? ಕೈ ಬಹಳ ಬಿಗಿ ಅದ ನಿಮ್ಮದು."

"ನಿಮಗ ಶುಗರ್ ಅದ ಅಂತ ನಿಮ್ಮ ಸೊಸಿ ಹೇಳ್ಯಾಳ್ರಿ."

"ಅಕಿ ಹೇಳಾಕೇನು, ನನ್ನ ಮನ್ಯಾಗ ಡಬ್ಬಿನ ಮುಚ್ಚಿಡ್ತಾಳ," ಎಂದರು. ಒಳಗಿಂದ ಸೊಸೆ ನಕ್ಕದ್ದು ಕೇಳಿಸಿತು.

ಅವರು ಮಗುವಿಗೆ ನೀರು ಹಾಕುವುದನ್ನು ನೋಡಲು ನನಗೆ ಆಸೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಅದರ ಮೇಲೆ ಮಗುವನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರನ್ನು ಕೈಯಿಂದ ತಡೆದು ತಡೆದು ಬಿಡುತ್ತಿದ್ದರು. ಮಗುವಿನ ಎದೆ ಎರಡೂ ಕಡೆ ಸಣ್ಣ ಅಡಿಕೆಯಷ್ಟು ಉಬ್ಬಿತ್ತು. ಒತ್ತಿ ಹಿಂಡಿ ಹಾಲು ತೆಗೆಯಬೇಕು ಎಂದು ಬೆರಳು ಇಟ್ಟರು.

"ಮುಟ್ಟಬ್ಯಾಡ್ರಿ," ಎಂದೆ. "ಹಿಂಡಿದ್ರ ಬಾವು ಆಗ್ತದ. ತಾಯಿ ಹಾರ್ಮೋನ್ ಇನ್ನೂ ಅದರ ಮೈಯಾಗ ಅದ, ಅದಕ್ಕ ಉಬ್ಬ್ಯಾವ. ತಾವ ಇಳಿತಾವ."

"ಹಾರ್ಮೋನ್," ಎಂದು ಆ ಶಬ್ದವನ್ನು ಬಾಯಲ್ಲಿ ಒಂದು ಸಲ ಹೊರಳಿಸಿ, ಬೆರಳು ತೆಗೆದು, ನೀರು ಹಾಕುವುದನ್ನು ಮುಂದುವರಿಸಿದರು. ನನ್ನ ಮಾತು ಕೇಳಿದರು ಎಂದು ಖುಷಿಯಾಯಿತು. ಸಾಲೆಯಲ್ಲಿ ಕೂಡ ಅಷ್ಟು ಬೇಗ ಯಾರೂ ಕೇಳುತ್ತಿರಲಿಲ್ಲ.

ಐದನೇ ದಿನ ಬಂತು. ಹಣೆಬರಹ ಬರೆಯುವ ಸಟವಿ ತಾಯಿಯ ಪೂಜೆಯ ದಿನ. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಬಾಣಂತಿಯ ಕೋಣೆಯ ಬಾಗಿಲು ಹಾಕಿದ ಸದ್ದಾಯಿತು, ಹಗಲಲ್ಲಿ ಯಾರೂ ಹಾಕದ ಬಾಗಿಲು. ನಾನು ಹೋಗಿ ತಟ್ಟಿದೆ. ಬೀಗತಿ ತೆರೆದರು. ಅವರ ಕೈಯಲ್ಲಿ ಮಗುವಿಗೆ ಕಟ್ಟಿದ ಹಳೇ ಸೀರೆಯ ಮೆತ್ತನೆಯ ತುಂಡು ಇತ್ತು. ಅದರ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ.

"ತೊಟ್ಟಿಲ ಕೂಸು ಮುಟ್ಟಾಗ್ಯದ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎಲ್ಲ ನಿರ್ಧಾರ ಮಾಡಿ ಮುಗಿಸಿದ್ದರು. ತಾಯಿಯ ಮೈ ಗರಮ್, ಅದರಿಂದ ಹಾಲು ಗರಮ್, ಆ ಹಾಲು ಕುಡಿದು ಕೂಸಿನ ಒಳಗು ಸುಟ್ಟಿದೆ. ಇನ್ನು ಒಂದು ಹನಿ ಕೊಡುವ ಹಾಗಿಲ್ಲ. ಬಗಲ ಮನೆಯಿಂದ ಆಡಿನ ಹಾಲು ತರಿಸಿಯಾಗಿತ್ತು. ನೀರು ಬೆರೆಸಿ, ಬತ್ತಿ ಅದ್ದಿ ಮಗುವಿನ ಬಾಯಿಗೆ ಇಡುತ್ತಿದ್ದರು. ಮಗು ಬತ್ತಿಯನ್ನು ಚೀಪಿ, ಏನೂ ಬಾರದೆ ಮುಖ ತಿರುಗಿಸಿ ಅಳುತ್ತಿತ್ತು. ಹೂಮಾರುವವಳಿಂದ ಎರಡು ಮೊಳ ಮಲ್ಲಿಗೆ ಕೂಡ ಕೊಂಡಿದ್ದರು. ಪೂಜೆಗೆ ಎಂದುಕೊಂಡೆ. ಆಮೇಲೆ ನೋಡಿದರೆ ಆ ಮಲ್ಲಿಗೆಯನ್ನು ಸೊಸೆಯ ಎದೆಗೆ ಹಾಸಿ ಮೇಲೆ ಪಂಜೆಯ ತುಂಡು ಬಿಗಿದಿದ್ದರು. ಹಾಲು ಬತ್ತಿಸಲು ನಮ್ಮ ಕಡೆಯ ಹಳೇ ಹೆಂಗಸರು ಹೀಗೆ ಕಟ್ಟುತ್ತಾರೆ. ಕೂಸು ಸತ್ತು ಹುಟ್ಟಿದ ಮನೆಗಳಲ್ಲಿ ನಾನು ಕಂಡಿದ್ದೆ. ಬದುಕಿರುವ ಕೂಸಿನ ತಾಯಿಗೆ ಕಟ್ಟಿದ್ದನ್ನು ಕಂಡಿರಲಿಲ್ಲ.

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಮಗು ಅತ್ತಾಗಲೆಲ್ಲ ಪಂಜೆ ಒದ್ದೆಯಾಗುತ್ತಿತ್ತು. ಕೋಣೆಯ ತುಂಬ ಹಾಲಿನ ಮತ್ತು ಮಲ್ಲಿಗೆಯ ವಾಸನೆ.

"ನಾ ಆ ಗುಳಿಗಿ ತಗೊಂಡಿದ್ದಕ್ಕ ಹಿಂಗಾಗ್ಯದೇನ ದೊಡ್ಡವ್ವ?" ಎಂದಳು. "ಎರಡು ಹೋದ್ವು. ಇದನ್ನ ಹಿಡಕೊಳ್ಳಾಕ ಹೋಗಿ ನಾನ ಸುಟ್ನೇನು?"

ಯಾದಗಿರಿಯ ಲೇಡಿ ಡಾಕ್ಟರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಮಂಚದ ಮೇಲಿಟ್ಟೆ. ಅವರು ಅವಸರವಿಲ್ಲದೆ ಕೇಳಿದರು. ಹೊಕ್ಕಳಲ್ಲಿ, ಮೂಗಿನಲ್ಲಿ, ಬಾಯಲ್ಲಿ ರಕ್ತ ಇದೆಯೇ? ಇಲ್ಲ. ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಆಗಿದೆಯೇ? ಆಗಿದೆ. ಮಗು ಚೆನ್ನಾಗಿ ಅಳುತ್ತಿದೆಯೇ?

"ಅದನ್ನ ನೀವ ಕೇಳ್ರಿ," ಎಂದೆ.

ಕೇಳಿಸಿರಬೇಕು, ಅವರು ನಕ್ಕರು. "ನಾರ್ಮಲ್ ರೀ ಟೀಚರ್. ಬಹಳ ಹೆಣ್ಣಕೂಸಿಗೆ ಹಿಂಗ ಆಗ್ತದ. ಕೆಲವೊಂದಕ್ಕ ಕಾಣೂ ಹಂಗ, ಕೆಲವೊಂದಕ್ಕ ಕಾಣದಂಗ. ಗುಳಿಗಿದು ಏನೂ ಸಂಬಂಧ ಇಲ್ಲ, ಅದನ್ನ ಎಂದೋ ನಿಲ್ಲಿಸೀವಿ. ಸ್ವಲ್ಪ ದಿನಕ್ಕ ತಾನ ನಿಲ್ತದ. ಜಾಸ್ತಿ ಆದ್ರ, ಇಲ್ಲಾ ಕೂಸು ಡಲ್ ಆದ್ರ, ಕರಕೊಂಡ ಬರ್ರಿ. ಹಾಲು ಮಾತ್ರ ಬಂದ್ ಮಾಡಬ್ಯಾಡ್ರಿ."

ಫೋನ್ ಇಟ್ಟ ಮೇಲೂ ಬೀಗತಿ ಬತ್ತಿ ಕೆಳಗಿಡಲಿಲ್ಲ. "ಫೋನಿನ್ಯಾಗ ಕೂಸು ಕಾಣ್ತದೇನ್ರಿ?" ಎಂದರು.

ಹಾಗಾದರೆ ಬೋರ್ಡು, ಚಾಕ್‌ಪೀಸು ಎರಡೂ ಇಲ್ಲದೆ ಆ ಚಾಪ್ಟರನ್ನು ಈಗ ನಾನೇ ಹೇಳಬೇಕು. ಅವರ ಮಗ್ಗುಲಲ್ಲಿ ನೆಲದ ಮೇಲೆ ಕೂತೆ.

"ನಿಮ್ಮ ಗದ್ದಿಗೆ ಕೆನಾಲ್ ನೀರು ಬಿಟ್ಟಾಗ ನೆಲ ಹ್ಯಾಂಗಿರ್ತದ್ರಿ?"

"ಹ್ಯಾಂಗಿರ್ತದ, ಉಂಡಂಗಿರ್ತದ."

"ಕೆನಾಲ್ ಬಂದ್ ಮಾಡಿದ ಮ್ಯಾಲ?"

"ಮ್ಯಾಲಿನ ಕೆಸರು ಒಣಗ್ತದ, ಬಿರಿತದ, ಹಕ್ಕಳಿ ಏಳ್ತದ."

"ಹೊಲ ಕೆಟ್ಟಂಗೇನ್ರಿ ಅದು?"

ಅವರು ನನ್ನ ಮುಖ ನೋಡಿದರು. "ಹೊಲ ಯಾಕ ಕೆಡ್ತದ?"

"ಒಂಬತ್ತು ತಿಂಗಳು ಈ ಕೂಸಿಗೆ ತಾಯಿ ಕಡಿಂದ ಹಂಗ ಹರದು ಬಂದದ್ರಿ. ಹೆಣ್ಣತನದ ಹಾರ್ಮೋನು. ಅದರಿಂದ ಎದಿ ಉಬ್ಬ್ಯಾವ, ಗರ್ಭಚೀಲದ ಒಳಗಿನ ಪದರ ದಪ್ಪ ಆಗ್ಯದ. ಹೊಕ್ಕಳಬಳ್ಳಿ ಕೊಯ್ದ ದಿನ ಕೆನಾಲ್ ಬಂದ್ ಆತು. ಬರೂದು ನಿಂತತಿ ಅಂತ ಕೂಸಿನ ಮೈಗೆ ಈಗ ಗೊತ್ತಾಗ್ಯದ. ಆ ಪದರ ಕಳಚಾಕತ್ತದ. ಹಾಲಿಂದಲ್ಲ, ಗುಳಿಗಿಂದಲ್ಲ, ಸುಟ್ಟದ್ದಲ್ಲ. ತಾಯಿ ಕೊಟ್ಟಿದ್ದರದು ಕಡೀ ಪಾಲು, ಹೊರಗ ಬರಾಕತ್ತದ."

ಮಗು ಸ್ವಲ್ಪ ಹೊತ್ತು ಅಳು ನಿಲ್ಲಿಸಿ ತನ್ನ ಮುಷ್ಟಿಯನ್ನೇ ಚೀಪಲು ನೋಡಿತು. ಬೀಗತಿ ಆ ಮುಷ್ಟಿಯನ್ನೇ ನೋಡುತ್ತಿದ್ದರು.

"ಹಾಲು ಕುಡದ್ರೂ ನಿಲ್ತದೇನ್ರಿ ಅದು?"

"ನಿಲ್ತದ."

"ಹಾಲು ಬಿಡಿಸಿದ್ರ?"

"ಬಿಡಿಸಿದ್ರೂ ನಿಲ್ತದ. ಹಾಲಿಗೂ ಅದಕ್ಕೂ ಏನೂ ಸಂಬಂಧನ ಇಲ್ರಿ."

ಅವರು ಬತ್ತಿಯನ್ನು ಹಾಲಿನ ಬಟ್ಟಲಲ್ಲಿ ಇಟ್ಟರು. ಆಮೇಲೆ, ಮಗುವಿಗೆ ಹೇಳುತ್ತಿದ್ದಾರೋ ನನಗೋ ತಿಳಿಯದಂತೆ, ತಲೆ ಎತ್ತದೆ ಶುರು ಮಾಡಿದರು.

"ನಂದೂ ಮೊದಲನೇದು ಹೆಣ್ಣ ಇತ್ತರಿ. ಹಿಂಗ, ಬಟ್ಟಿ ಮ್ಯಾಲ ಇಷ್ಟ ಕೆಂಪು. ನಮ್ಮತ್ತಿ ಹಾಲು ಬಿಡಿಸಿದ್ರು. ಅವರದೂ ತಪ್ಪಲ್ಲ, ಅವರಿಗೆ ಹಿರ್ಯಾರು ಹೇಳಿದ್ದು. ಎದಿಗೆ ಮಲ್ಲಿಗಿ ಕಟ್ಟಿದ್ರು. ಅವತ್ತಿಂದ ನಾ ಮಲ್ಲಿಗಿ ಮುಡಿದಿಲ್ಲ ನೋಡ್ರಿ, ಸೇವಂತಿಗಿ ಮುಡಿತೀನಿ, ಕನಕಾಂಬ್ರ ಮುಡಿತೀನಿ. ಆಡಿನ ಹಾಲು ಹಾಕಿದ್ವಿ. ರಕ್ತ ನಿಂತ ಬಿಟ್ಟಿತು. ನೋಡ, ನಿಂತತಿ ಅಂದ್ರು ಎಲ್ಲಾರೂ. ಆಮ್ಯಾಲ ಭೇದಿ ಹತ್ತಿತು. ತೊಟ್ಟಿಲಕ್ಕ ಹಾಕೂದ್ರಾಗ ಹೋತು. ನನ್ನ ಹಾಲು ಮೊದಲ ಸುಟ್ಟಿತ್ತು, ಮದ್ದು ತಡಾ ಆತು ಅಂತ ತಿಳಕೊಂಡಿದ್ನಿ. ಇಲ್ಲೀತನಕ."

ಸೊಸೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಈ ಮಾತು ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ಹಂಗಾದ್ರ ಅಕ್ಕೋರ, ಹಾಲು ಕೊಟ್ಟಿದ್ರೂ ನನ್ನ ಕೂಸಿಂದೂ ನಿಲ್ತಿತ್ತು."

ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ಇಲ್ಲ, ನಿಮ್ಮದು ಬೇರೆ ಇತ್ತು, ಆಗಿನ ಕಾಲ ಬೇರೆ ಎಂದು ಹೇಳಬಹುದಿತ್ತು. ಇಂಥ ಸಣ್ಣ ಸುಳ್ಳುಗಳನ್ನು ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಮ್ಮ ಸಿಸ್ಟರ್ ಒಬ್ಬರು ಹೇಳುತ್ತಿದ್ದರು. ಆದರೆ ಹಾಗೆ ಹೇಳಿದರೆ ಆ ಬತ್ತಿ ಮತ್ತೆ ಈ ಮಗುವಿನ ಬಾಯಿಗೆ ಹೋಗುತ್ತಿತ್ತು. ಎರಡು ಕೂಸುಗಳಲ್ಲಿ ಒಂದು ಮಾತ್ರ ನನ್ನ ಕಣ್ಣೆದುರಿಗಿತ್ತು.

"ನಿಲ್ತಿತ್ರಿ," ಎಂದೆ.

ಅವರು ತಲೆ ಆಡಿಸಿದರು. ಬಟ್ಟಲನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿದರು. ಎದ್ದು ಹೋಗಿ ಸೊಸೆಯ ಬೆನ್ನ ಹಿಂದಿನ ಗಂಟು ಬಿಚ್ಚಲು ನೋಡಿದರು. ಹಾಲಿನಲ್ಲಿ ನೆಂದು ಗಂಟು ಬಿಗಿದಿತ್ತು. ನಾನು ಕೈ ಹಾಕಲು ಹೋದೆ. "ಬಿಡ್ರಿ, ನಾ ಕಟ್ಟೀನಿ, ನಾನ ಬಿಚ್ತೀನಿ," ಎಂದು ಹಲ್ಲು ಹಚ್ಚಿ ಬಿಚ್ಚಿದರು. ಬಾಡಿದ ಮಲ್ಲಿಗೆಯೆಲ್ಲ ಹಾಸಿಗೆಯ ಮೇಲೆ ಬಿತ್ತು. ಮಗುವನ್ನು ತಾವೇ ಎತ್ತಿ ತಂದು ತಾಯಿಯ ಎದೆಗೆ ಹಿಡಿದರು. ಎದೆ ಕಲ್ಲಾಗಿತ್ತು, ಮಗುವಿಗೆ ಹಿಡಿಯಲು ಬರಲಿಲ್ಲ. ಹುಡುಗಿ ನೋವಿಗೆ ತುಟಿ ಕಚ್ಚಿದಳು.

"ತಡಿ ಯವ್ವಾ, ತಡಿ, ಬಿಸಿನೀರಿನ ಅರಿವಿ ಇಡೋಣು," ಎಂದು ಅತ್ತೆ ಅವಳ ತಲೆ ಸವರಿದರು. ಬಟ್ಟೆಯನ್ನು ನಾನು ಕಾಯಿಸಿ ತಂದೆ. ಸ್ವಲ್ಪ ಹೊತ್ತಿಗೆ ಮಗು ಹಿಡಿಯಿತು. ಕುಡಿಯುವ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು, ಗುಟುಕ್ ಗುಟುಕ್ ಎಂದು, ಬಾಯಿ ಬಿಡದೆ.

"ಹೊಟ್ಟಿಬಾಕಿ," ಎಂದರು ಅಜ್ಜಿ. "ಅವರವ್ವನಂಗ."

"ನಾ ಎಂದ ಅಷ್ಟು ತಿಂದೀನ್ರಿ ಅತ್ತಿ?" ಎಂದು ಹುಡುಗಿ ಅಳುತ್ತಲೇ ಕೇಳಿದಳು.

"ಅಂಟಿನ ಉಂಡಿ ಡಬ್ಬಿ ಅರ್ಧ ಖಾಲಿ ಆಗ್ಯದ. ಅಕ್ಕೋರು ತಿಂದಿಲ್ಲ, ನನಗ ಶುಗರ್ ಅದ. ಮತ್ಯಾರು?"

ಅಂದು ಸಂಜೆ ಸಟವಿ ಪೂಜೆ ಆಯಿತು. ರಕ್ತ ಇನ್ನೆರಡು ದಿನ ಸಣ್ಣಗೆ ಕಂಡು ನಿಂತಿತು. ಅದನ್ನು ಬೀಗತಿಯೇ ದಿನವೂ ಬಟ್ಟೆ ಬಿಡಿಸಿ ನೋಡಿ ಬಂದು ನನಗೆ ಹೇಳುತ್ತಿದ್ದರು, "ಇವತ್ತ ಕಮ್ಮಿ ಅದ್ರಿ," "ಇವತ್ತ ಏನಿಲ್ರಿ" ಎಂದು. ಅಷ್ಟು ಹೇಳಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುತ್ತ ಕೂಡುತ್ತಿದ್ದರು. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದುದು ನನಗೆ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಹೋಗಿ ಮಗ್ಗುಲಲ್ಲಿ ಕೂಡಬೇಕೆನಿಸಿದರೂ ಹೋಗಲಿಲ್ಲ. ಕೆಲವು ಸಲ ಬಕೆಟ್ಟಿಗೆ ನೀರು ತುಂಬಿಸಿಟ್ಟು ಬರುತ್ತಿದ್ದೆ, ಅಷ್ಟೇ.

ತಾಯಿ ಮಗು ಕೆಂಭಾವಿಗೆ ಹೋದರು. ಮನೆ ಭಣಭಣ ಎನ್ನತೊಡಗಿತು. ಫೋನಿನಲ್ಲಿ ಮಗು ಬೋರಲಾದದ್ದು, ಹಲ್ಲು ಬಂದದ್ದು ಎಲ್ಲ ಕಾಣುತ್ತಿತ್ತು. ಹುಡುಗಿ ಹೇಳುತ್ತಿದ್ದಳು, ಊರ ಹೆಂಗಸರು ಬಂದು ಹಾಲು ಬಿಡಿಸು, ಸಾಕು, ದೊಡ್ಡದಾಯಿತು ಎಂದರೆ ಅತ್ತೆ ಎದ್ದು ಬಂದು, "ನಿಮ್ಮ ಮನಿ ಹಾಲೇನ ಕುಡ್ಯಾಕತ್ತಿಲ್ಲಲ್ಲ ಅದು," ಎಂದು ಅವರನ್ನು ಸಾಗಹಾಕುತ್ತಾರಂತೆ. ಓಣಿಯಲ್ಲಿ ಯಾರ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದರೂ ಕರೆಯದೆ ಹೋಗಿ ಬರುತ್ತಾರಂತೆ. ಹೋಗಿ ಏನು ಹೇಳುತ್ತಾರೆ ಎಂದು ಕೇಳಿದೆ. "ಕೆನಾಲ್ ಕಥಿ," ಎಂದಳು.

ಬೀಗತಿ ಎರಡು ವರ್ಷದ ಹಿಂದೆ, ಊಟ ಮಾಡಿ ಮಲಗಿದವರು ಏಳಲಿಲ್ಲ. ನನಗೆ ಮೊಣಕಾಲು ನೋವು, ಮಣ್ಣಿಗೆ ಹೋಗಲಾಗಲಿಲ್ಲ. ಹಾಗಾಗಿ ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಕೆಲವು ತಿಂಗಳ ಮೊದಲು, ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ. ಕಣ್ಣು ತೋರಿಸಲು ಬಂದಿದ್ದರು, ಬಸ್ಸಿಗೆ ಇನ್ನೂ ಹೊತ್ತಿದೆ, ಬರ್ರಿ ಎಂದು ಯಾರದೋ ಫೋನಿನಿಂದ ಹೇಳಿ ಕಳಿಸಿದರು. ಹೋದೆ. ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಕಣ್ಣಿಗೆ ಹನಿ ಹಾಕಿದ್ದರಿಂದ ಸೆರಗು ಹಣೆಯ ಮೇಲೆ ಎಳೆದುಕೊಂಡಿದ್ದರು. ಮೊಮ್ಮಗಳ ಸುದ್ದಿ ಹೇಳಿದರು, ಅಂಗನವಾಡಿಗೆ ಹೋಗ್ತದ, ಟೀಚರಿಗೇ ತಿರುಗಿ ಮಾತಾಡ್ತದ ಎಂದರು. ನಾನು ನಕ್ಕೆ. ಚಹಾ ತರಿಸಿದೆ, ಸಕ್ಕರೆ ಇಲ್ಲದ್ದು. ಕುಡಿದರು, ಬೈಯಲಿಲ್ಲ.

ಕೆಂಭಾವಿ ಬಸ್ಸು ಬಂದು ನಿಂತ ಮೇಲೆ, ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಕೇಳಿದರು.

"ಅಕ್ಕೋರ, ಆ ಕೆಂಪು, ತಾಯಿ ಕಡಿಂದ ಹೋದದ್ದು ಅಂದಿದ್ರಿ."

"ಹೌದ್ರಿ."

"ಹಂಗಾದ್ರ ನನ್ನ ಕೂಸಿನ ಮೈಯಾಗೂ ಅದು ನಂದ ಇತ್ತು."

"ನಿಮ್ಮದ. ನೀವ ಕೊಟ್ಟದ್ದು."

ಅವರು ನನ್ನ ಮೊಣಕೈ ಹಿಡಿದುಕೊಂಡು, ಕಿವಿಯ ಹತ್ತಿರ ಬಂದು, ಆ ಕೂಸಿಗೆ ಇಡಬೇಕೆಂದುಕೊಂಡಿದ್ದ ಹೆಸರು ಹೇಳಿದರು. ಒಳ್ಳೆಯ ಹೆಸರು. ಅದನ್ನಿಲ್ಲಿ ಬರೆಯುವುದಿಲ್ಲ. ನಾನು ಅದನ್ನು ಒಮ್ಮೆ ಅಂದೆ, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನೋಡಲು. "ಹ್ಞಾಂ, ಅದ," ಎಂದರು. ಕಂಡಕ್ಟರ್ ಕೂಗಿದ. ಮೆಟ್ಟಿಲು ಹತ್ತಲು ಸ್ವಲ್ಪ ಕಷ್ಟಪಟ್ಟರು. ಒಳಗೆ ಹೋಗಿ ನನ್ನ ಕಡೆಯ ಸೀಟು ಹಿಡಿದು, ಕಿಟಕಿಯ ಗಾಜು ಸರಿಸಿ, "ಬಿಸಿಲಾಗ ನಿಂದರಬ್ಯಾಡ್ರಿ, ನಡೀರಿ ಮನಿಗೆ," ಎಂದರು. ಬಸ್ಸು ಹೊರಡುವ ತನಕ ನಾನು ನಿಂತೇ ಇದ್ದೆ.